ಬೆಟ್ಟ ಹತ್ತಬೇಕಾದರೆ ಮೊದಲು ಕ್ಲಚ್ ಬಿಚ್ಚಿ

"ಕೆಳಗೆ ಚೆನ್ನಾಗಿ ಓಡುತ್ತೆ, ಮೇಲೆ ಹೋದರೆ ಎಳೆಯೋದೇ ಇಲ್ಲ. ಹೊಸ ಎಕ್ಸಾಸ್ಟ್ ಪೈಪ್ ಹಾಕಿಕೊಡಿ." ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಗಾಡಿ) ರಿಪೇರಿಗೆ ತರುವವರು ಬಹುತೇಕ ಹೀಗೇ ಕೇಳುತ್ತಾರೆ. ಪೈಪ್ ಆಮೇಲೆ ನೋಡೋಣ ಎಂದು ನಾನು ಮೊದಲು ಎಡಗಡೆಯ ಮುಚ್ಚಳ ತೆಗೆದು ಎಂಜಿನ್ನಿನ ಶಕ್ತಿಯನ್ನು ಬೆಲ್ಟ್ ಮೂಲಕ ಟ್ರ್ಯಾಕ್‌ಗೆ, ಅಂದರೆ ಗಾಡಿಯನ್ನು ತಳ್ಳುವ ರಬ್ಬರ್ ಪಟ್ಟಿಗೆ, ದಾಟಿಸುವ ಕ್ಲಚ್ಚಿಗೆ ಕೈ ಹಾಕುತ್ತೇನೆ.

ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರ್‌ಗೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 3000 ಮೀಟರ್ ತಲುಪುವಾಗ 150 ಅಶ್ವಶಕ್ತಿಯಲ್ಲಿ ಉಳಿಯುವುದು 105-110 ಅಷ್ಟೆ. ಆದರೆ ಎಂಜಿನ್ ಕಡೆಯ ಕ್ಲಚ್‌ನೊಳಗಿನ ತೂಕದ ತುಂಡುಗಳಿಗೆ ಇದು ಗೊತ್ತಾಗುವುದಿಲ್ಲ. ಅವು ಮೊದಲಿನಷ್ಟೇ ಬಲವಾಗಿ ಬೆಲ್ಟನ್ನು ಒತ್ತುತ್ತವೆ, ಎಂಜಿನ್ ಆ ಹೊರೆಗೆ ಬಗ್ಗುತ್ತದೆ. 8000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಓಡಬೇಕಾದ್ದು 7400ಕ್ಕೇ ನಿಂತುಬಿಡುತ್ತದೆ. ಟು-ಸ್ಟ್ರೋಕ್ ಎಂಜಿನ್ನಿನ ಪೈಪ್ ಕೆಲಸ ಮಾಡುವುದೇ ಒಂದು ಕಿರಿದಾದ ಆರ್‌ಪಿಎಂ ಮಿತಿಯೊಳಗೆ. ಅದರಿಂದ ಕೆಳಗಿಳಿದರೆ ಉಳಿದ ಶಕ್ತಿಯೂ ಕೈಗೆ ಸಿಗದು.

ಹಾಗಾಗಿ ತೂಕ ಇಳಿಸಬೇಕು. ಆಳವಾದ ಹಿಮದಲ್ಲಿ, ಏರಿನಲ್ಲಿ, ಪೂರ್ತಿ ಥ್ರಾಟಲ್ ಕೊಟ್ಟು ಆರ್‌ಪಿಎಂ ಮೀಟರ್ ನೋಡಿ. ಕಂಪನಿ ಹೇಳಿದ ಆರ್‌ಪಿಎಂ ಬರದಿದ್ದರೆ ಪ್ರತಿ ತುಂಡಿನಲ್ಲೂ ಒಂದೊಂದು ಗ್ರಾಂ ಕಡಿಮೆ ಮಾಡುತ್ತಾ ಬನ್ನಿ, ಮೀರಿ ಹೋದರೆ ಸೇರಿಸಿ. ಎಲ್ಲ ತುಂಡುಗಳ ತೂಕವೂ ಸಮನಾಗಿರಲೇಬೇಕು.

ಆದರೆ ಸವೆದ ಕ್ಲಚ್‌ನಲ್ಲಿ ಈ ಲೆಕ್ಕ ಯಾವುದೂ ನಿಲ್ಲದು. ತೂಕದ ತುಂಡುಗಳು ಒತ್ತುವ ರೋಲರನ್ನು ಬೆರಳಿನಲ್ಲಿ ನಿಧಾನ ತಿರುಗಿಸಿ. ಚಪ್ಪಟೆಯಾದ ಜಾಗ ಇದ್ದರೆ ಅಲ್ಲಿ ತಡೆಯುವುದು ತಿಳಿಯುತ್ತದೆ. ತೂಕದ ತುಂಡಿನ ಬಾಗಿದ ಮೈ ಮೇಲೆ ಉಗುರು ಎಳೆಯಿರಿ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಅದನ್ನು ಮತ್ತೆ ಹಾಕಬೇಡಿ. ಬೆಲ್ಟ್ ಒಂದೇ ಕಡೆ ಸೊಂಟದಂತೆ ಸಣ್ಣಗಾಗಿದೆಯೇ? ಟ್ರ್ಯಾಕ್ ಹೆಪ್ಪುಗಟ್ಟಿ ಹಿಡಿದುಕೊಂಡಿದ್ದಾಗ ಯಾರೋ ಥ್ರಾಟಲ್ ಒತ್ತಿದ್ದಾರೆ. ಬೆಳಿಗ್ಗೆ ಹೊರಡುವ ಮೊದಲು ಹಿಂಭಾಗ ಎತ್ತಿ ಬಿಟ್ಟು ಟ್ರ್ಯಾಕ್ ಸಡಿಲ ಮಾಡಿಕೊಂಡರೆ ಈ ನಷ್ಟವೇ ಇರುವುದಿಲ್ಲ.

ಹಳೆಯ ಕಾರ್ಬುರೇಟರ್ ಗಾಡಿಯಾದರೆ ಇನ್ನೊಂದು ವಿಷಯ, ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಎತ್ತರಕ್ಕೆಂದು ಹಾಕಿದ ಸಣ್ಣ ಜೆಟ್ (ಪೆಟ್ರೋಲ್ ಹರಿಯುವ ತೂತಿನ ತುಂಡು) ಇಟ್ಟುಕೊಂಡೇ ಕೆಳಗೆ ಬಂದು ವೇಗವಾಗಿ ಓಡಿಸಿದರೆ ಪೆಟ್ರೋಲ್ ಸಾಲದೆ ಪಿಸ್ಟನ್ ಕರಗುತ್ತದೆ. ಚಳಿ ಹೆಚ್ಚಾದರೂ ಗಾಳಿ ದಟ್ಟವಾಗಿ ಇದೇ ಅಪಾಯ. ಎತ್ತರ, ಚಳಿ ಎರಡನ್ನೂ ಸೇರಿಸಿ ನೋಡಿ ಜೆಟ್ ಬದಲಿಸಬೇಕು. ಫ್ಯೂಯಲ್ ಇಂಜೆಕ್ಷನ್ ಇದ್ದರೆ ಸೆನ್ಸರೇ ಇದನ್ನು ಸರಿದೂಗಿಸುತ್ತದೆ.

ಟ್ರ್ಯಾಕ್ ವಿಷಯಕ್ಕೆ ಬಂದರೆ, 150 ಇಂಚು ದಾಟಿದ ಉದ್ದ, ಎರಡೂವರೆ-ಮೂರು ಇಂಚಿನ ಹಲ್ಲು ಆಳವಾದ ಹಿಮದಲ್ಲಿ ತೇಲಿಸುತ್ತವೆ, ನಿಜ. ಆದರೆ ಅದನ್ನು ತಿರುಗಿಸಲು ಶಕ್ತಿ ಬೇಕು, ಟ್ರ್ಯಾಕ್ ಮೇಲಿನ ಲೋಹದ ಗೂಡು, ಅಂದರೆ ಟನಲ್, ಅದರೊಳಗೆ ಜಾಗವೂ ಬೇಕು. ಕ್ಲಚ್‌ನಿಂದ ಟ್ರ್ಯಾಕ್‌ಗೆ ಶಕ್ತಿ ಒಯ್ಯುವ ಚೈನ್ ಪೆಟ್ಟಿಗೆಯ (ಚೈನ್‌ಕೇಸ್) ಮೇಲಿನ ಸ್ಪ್ರಾಕೆಟ್ ಸಣ್ಣದು ಮಾಡದೆ ಉದ್ದನೆಯ ಟ್ರ್ಯಾಕ್ ಹಾಕಿಸಿಕೊಳ್ಳಬೇಡಿ ಎಂದೇ ನನ್ನ ಸಲಹೆ. ಗಟ್ಟಿ ಹಿಮದ ದಾರಿಯಲ್ಲಿ ಹಿಮ ಕೆರೆದು ಎಬ್ಬಿಸುವ ಕಡ್ಡಿ, ಅಂದರೆ ಐಸ್ ಸ್ಕ್ರ್ಯಾಚರ್, ಇಳಿಸಿಕೊಳ್ಳಿ. ಟ್ರ್ಯಾಕ್ ಎರಚುವ ಹಿಮದಿಂದಲೇ ಕೂಲಂಟ್ ತಣಿಯಬೇಕು, ಟ್ರ್ಯಾಕ್ ಉಜ್ಜಿಕೊಂಡು ಹೋಗುವ ಪ್ಲಾಸ್ಟಿಕ್ ಪಟ್ಟಿಗಳಿಗೂ (ಸ್ಲೈಡ್) ಆ ಹಿಮವೇ ಎಣ್ಣೆ.

ಬೆಲ್ಟ್ ಇರುವ ಎಟಿವಿಗೂ (ಕಚ್ಚಾ ದಾರಿಯ ನಾಲ್ಕು ಚಕ್ರದ ಗಾಡಿ) ಕ್ಲಚ್ ಮಾತು ಹಾಗೆಯೇ ಅನ್ವಯಿಸುತ್ತದೆ. ಕಡಿದಾದ ಏರಿನಲ್ಲಿ ನಿಧಾನ ಹತ್ತುವಾಗ ಲೋ ಗೇರ್ ಬಿಟ್ಟು ಹೈನಲ್ಲಿ ಎಳೆದರೆ ಬೆಲ್ಟ್ ಜಾರಿ ಸುಡುತ್ತದೆ. ಹೊಳೆ ದಾಟುವವರು ಕ್ಲಚ್ ಪೆಟ್ಟಿಗೆಯ ಗಾಳಿ ಕೊಳವೆ ಮೇಲೆತ್ತಿಸಿ, ಕೆಳಗಿನ ಡ್ರೈನ್ ಪ್ಲಗ್ ಎಲ್ಲಿದೆ ಎಂದು ತಿಳಿದುಕೊಳ್ಳಿ.

ಬಿಡಿ ಬೆಲ್ಟ್ ಸದಾ ಜೊತೆಗಿರಲಿ, ಅದೂ ಮೊದಲೇ ಸ್ವಲ್ಪ ಓಡಿಸಿ ಪಳಗಿಸಿದ್ದು. ಹಾಕುವ ಟೂಲ್ ಕೂಡ ಅದರ ಜೊತೆಗೇ ಕಟ್ಟಿಡಿ, ಕೈಗವಸು ತೊಟ್ಟೇ ಒಮ್ಮೆ ಬದಲಿಸಿ ನೋಡಿ.