ಅಂಟು ಪಟ್ಟಿ ಕಟ್ಟುವ ಮೊದಲು ಕೊಟ್ಟಿಗೆಯ ಸೂರು ನೋಡಿ

ಅಂಟು ಪಟ್ಟಿ ಹಾಕಿದರೂ ನೊಣ ಬೀಳಲಿಲ್ಲ ಎನ್ನುವ ಕೊಟ್ಟಿಗೆಗಳಲ್ಲಿ ಹೆಚ್ಚಾಗಿ ಕಾಣುವುದು ಒಂದೇ ತಪ್ಪು. ಪಟ್ಟಿ ಕೈಗೆ ಎಟುಕುವ ಕಡೆ ತೂಗುತ್ತಿರುತ್ತದೆ, ನೊಣ ಮಲಗುವ ಜಾಗ ಬೇರೆಲ್ಲೋ ಇರುತ್ತದೆ. ಮನೆನೊಣ ಹಗಲೆಲ್ಲ ಸಗಣಿ, ಹಿಂಡಿ, ಕರುವಿನ ಮೂತಿ ಸುತ್ತಿ ಸಂಜೆ ಮೇಲೇರುತ್ತದೆ. ಹಗ್ಗ, ವೈರು, ಶೀಟಿನ ಕೆಳಗಿನ ಪೈಪು ಅದರ ರಾತ್ರಿ ಬಿಡಾರ. ಕೂತಲ್ಲೆಲ್ಲ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆ ಬಿಟ್ಟಿರುತ್ತದೆ. ಚುಕ್ಕೆ ದಟ್ಟವಾಗಿರುವ ವೈರಿನ ಪಕ್ಕದಲ್ಲೇ ಪಟ್ಟಿ ಎಳೆದು ಕಟ್ಟಿ. ಹಾಲಿನ ಕ್ಯಾನು, ಗೋದಲಿಗಳ ನೇರ ಮೇಲೆ ಮಾತ್ರ ಬೇಡ, ಸತ್ತ ನೊಣ ಉದುರುತ್ತದೆ. ಫ್ಯಾನಿನ ಗಾಳಿ ಜೋರಾಗಿ ಬೀಸುವ ಕಡೆ ನೊಣವೇ ಕೂರುವುದಿಲ್ಲ.

ಪಟ್ಟಿ ಕೆಡುವುದು ನೊಣ ತುಂಬಿ ಮಾತ್ರ ಅಲ್ಲ, ದೂಳಿನಿಂದಲೂ. ಮೇವು ಕತ್ತರಿಸುವ ಯಂತ್ರದ (ಚಾಫ್ ಕಟ್ಟರ್) ಹತ್ತಿರ ಕಟ್ಟಿದ್ದು ಕೆಲವೇ ದಿನಕ್ಕೆ ಒಣ ಕಾಗದದಂತಾಗುತ್ತದೆ. ಬೆರಳಿಟ್ಟು ಎತ್ತಿ ನೋಡಿ: ಅಂಟು ಎಳೆ ಎಳೆಯಾಗಿ ಬಂದರೆ ಸರಿ, ಬರದಿದ್ದರೆ ಬದಲಾಯಿಸಿ. ಹಲ್ಲಿ, ಗುಬ್ಬಿ ಸಿಕ್ಕಿಕೊಂಡರೆ ದಯವಿಟ್ಟು ಎಳೆಯಬೇಡಿ, ಅಡುಗೆ ಎಣ್ಣೆ ಸವರಿ ಮೆಲ್ಲಗೆ ಬಿಡಿಸಿ.

ರಕ್ತ ಹೀರುವ ನೊಣದ ಲೆಕ್ಕವೇ ಬೇರೆ. ನೋಡಲು ಮನೆನೊಣದಂತೆಯೇ ಇದ್ದರೂ ಮೂತಿಯಿಂದ ಸೂಜಿಯಂಥ ಕೊಂಡಿ ಮುಂದಕ್ಕೆ ಚಾಚಿರುತ್ತದೆ. ಕಚ್ಚುವುದು ಕಾಲಿಗೆ. ಹಸು ಮೇವು ಬಿಟ್ಟು ಕಾಲು ಝಾಡಿಸುತ್ತ ನಿಂತಿದ್ದರೆ ಮುಂಗಾಲು ನೋಡಿ. ಒಂದೊಂದು ಮುಂಗಾಲಿಗೆ ಸರಾಸರಿ 5 ನೊಣ ಕೂತಿದ್ದರೆ ಹಾಲಿಗೆ ಪೆಟ್ಟು ಬೀಳುವ ಮಟ್ಟ ಮುಟ್ಟಿದೆ ಎಂದೇ ಅರ್ಥ. ಇದು ಸೂರಿಗಿಂತ ಬಿಸಿಲು ಬೀಳುವ ಗೋಡೆ, ಕಂಬಗಳ ಮೇಲೆ ಹೆಚ್ಚಾಗಿ ಕೂರುತ್ತದೆ. ಹಾಗಾಗಿ ಬಿಳಿ ಅಥವಾ ನೀಲಿ ಅಂಟು ಹಲಗೆಯನ್ನು ಕೊಟ್ಟಿಗೆಯ ಹೊರಗೆ, ಮೊಣಕಾಲಿನಿಂದ ಸೊಂಟದ ಎತ್ತರದಲ್ಲಿ ನಿಲ್ಲಿಸಬೇಕು. ಹಸು ನೆಕ್ಕದಷ್ಟು ದೂರ ಇರಲಿ.

ಹೊಸ ಪಟ್ಟಿ ಕಟ್ಟಿದ ದಿನ ಬರೆದಿಟ್ಟು 7ನೇ ದಿನ ಅಂಟಿದ ನೊಣ ಎಣಿಸಿ. ಒಂದು ಪಟ್ಟಿಗೆ ವಾರಕ್ಕೆ 100 ದಾಟಿದರೆ ಇನ್ನೆರಡು ಪಟ್ಟಿ ತರುವುದರಿಂದ ಉಪಯೋಗವಿಲ್ಲ. ಪಟ್ಟಿ ಹಿಡಿಯುವುದು ರೆಕ್ಕೆ ಬಂದದ್ದನ್ನು ಮಾತ್ರ. ಹೆಣ್ಣು ನೊಣ ಒಂದು ಸಲಕ್ಕೆ 100ರ ಆಸುಪಾಸು ಮೊಟ್ಟೆ ಇಡುತ್ತದೆ, ಬೇಸಿಗೆಯಲ್ಲಿ 7ರಿಂದ 10 ದಿನಕ್ಕೆ ಅವೆಲ್ಲ ನೊಣವಾಗುತ್ತವೆ.

ಹಾಗಾಗಿ ನೊಣ ಹುಟ್ಟುವ ಜಾಗ ಹುಡುಕಬೇಕು, ಮೊದಲು ನೋಡಬೇಕಾದ್ದು ಕರು ಕಟ್ಟುವ ಮೂಲೆ. ಗಂಜಲದಲ್ಲಿ ನೆನೆದ ಹುಲ್ಲನ್ನು ಕೋಲಿನಿಂದ ಎರಡಿಂಚು ಕೆದಕಿ: ನೊಣದ ಮರಿಗಳಾದ ಬಿಳಿ ಹುಳ ಹೊರಳಾಡುತ್ತಿರುತ್ತವೆ, ಅಂಚಿನ ಒಣ ಭಾಗದಲ್ಲಿ ಕಂದು ಕಾಳಿನಂಥ ಕೋಶ ಸಿಗುತ್ತವೆ. ನೀರಿನ ತೊಟ್ಟಿಯ ಬುಡ, ಗೋದಲಿಯ ಕೆಳಗೆ ಕೊಳೆತ ಮೇವು, ರಸಮೇವಿನ (ಸೈಲೇಜ್) ಗುಂಡಿಯ ಅಂಚಿನಲ್ಲೂ ಇದೇ ಕಥೆ. ವಾರಕ್ಕೆ ಎರಡು ಸಲ ಬಾಚಿ ತೆಗೆದು ಬಿಸಿಲಿಗೆ ತೆಳ್ಳಗೆ ಹರಡಿ. ಒಣಗಿದ ಸಗಣಿಯಲ್ಲಿ ಹುಳ ಬದುಕದು. ಆಗಲೇ ಹಾರಾಡುತ್ತಿರುವ ನೊಣ ಸಾಯಲು ಇನ್ನಷ್ಟು ದಿನ ಬೇಕು, ಆದ್ದರಿಂದ ಎರಡು ವಾರ ಬಿಟ್ಟು ಅದೇ ಜಾಗದಲ್ಲಿ ಹೊಸ ಪಟ್ಟಿ ಕಟ್ಟಿ ಮತ್ತೆ ಎಣಿಸಿ.