ರಿಪೋರ್ಟ್ ಯಾಕೆ ಇಷ್ಟು ಲೇಟು ಅಂತ ಕೇಳುವವರಿಗೆ

ನಾನು ದಾವಣಗೆರೆಯ ಒಂದು ಲ್ಯಾಬಿನಲ್ಲಿ ಹಿಸ್ಟೋ ಟೆಕ್ನಿಷಿಯನ್. ಆಪರೇಷನ್ ಮಾಡಿ ತೆಗೆದ ಗಂಟು, ಗರ್ಭಕೋಶ, ಪಿತ್ತಕೋಶ, ಬಯಾಪ್ಸಿಯ ಚೂರು ಎಲ್ಲ ನಮ್ಮ ಹತ್ತಿರ ಬರುತ್ತವೆ. ಅವನ್ನು ತೆಳ್ಳಗೆ ಕೊಯ್ದು, ಗಾಜಿನ ಸ್ಲೈಡಿನ ಮೇಲೆ ಕೂರಿಸಿ, ಬಣ್ಣ ಹಾಕಿ ಡಾಕ್ಟರ ಟೇಬಲ್ಲಿಗೆ ಮುಟ್ಟಿಸುವುದು ನನ್ನ ಕೆಲಸ. 14 ವರ್ಷದಿಂದ ಇದೇ ಕೆಲಸ. 14 ವರ್ಷದಿಂದ ಇದೇ ಪ್ರಶ್ನೆ.

"ಬ್ಲಡ್ ಟೆಸ್ಟ್ ಆದ್ರೆ ಸಂಜೆಗೇ ಕೊಡ್ತಾರೆ. ನಿಮ್ದ್ಯಾಕ್ರೀ ನಾಲ್ಕು ದಿನ?"

ಮೊದಮೊದಲು ಸಮಾಧಾನವಾಗಿ ವಿವರಿಸುತ್ತಿದ್ದೆ. ಈಗ ಆಗುವುದಿಲ್ಲ. ಕೌಂಟರಿನಲ್ಲಿ ಕೇಳುತ್ತಾರೆ, ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಕೇಳುತ್ತಾರೆ, ವಾಟ್ಸಾಪಿನಲ್ಲಿ ಬಾಟಲಿಯ ಫೋಟೋ ಕಳಿಸಿ ಕೇಳುತ್ತಾರೆ. ಹಾಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಲಿಂಕ್ ಕಳಿಸುತ್ತೇನೆ.

ಪ್ರಶ್ನೆಗಿಂತ ಜಾಸ್ತಿ ಸಿಟ್ಟು ಬರಿಸುವುದು ಅದರ ಹಿಂದೆ ಬರುವ ಮಾತು. "ಸುಮ್ನೆ ಒಂದ್ಸಲ ಮೈಕ್ರೋಸ್ಕೋಪಲ್ಲಿ ನೋಡಿ ಹೇಳ್ಬಿಡಿ ಮೇಡಂ." ಈ 'ಸುಮ್ನೆ' ಇದೆಯಲ್ಲ, ಅದನ್ನು ಕೇಳಿದರೆ ಮೈ ಉರಿಯುತ್ತದೆ. ಒಂದು ಹಲಸಿನ ತೊಳೆ ತಗೊಂಡು ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿ, ಏನು ಕಾಣುತ್ತೆ? ಕಪ್ಪಗೆ ಒಂದು ಮುದ್ದೆ. ಕೆಳಗಿನಿಂದ ಬೆಳಕು ಹಾದು ಮೇಲೆ ಬರಬೇಕು. ಬರಬೇಕಾದರೆ ಪದರ 3ರಿಂದ 5 ಮೈಕ್ರಾನ್ ಇರಬೇಕು. ನಿಮ್ಮ ಒಂದು ತಲೆಗೂದಲಿನ ದಪ್ಪದಲ್ಲಿ ಅಂಥ ಹದಿನೈದು ಇಪ್ಪತ್ತು ಪದರ ಹಿಡಿಸುತ್ತವೆ. ಮೆತ್ತನೆಯ, ನೀರು ತುಂಬಿದ ಮಾಂಸವನ್ನು ಅಷ್ಟು ತೆಳ್ಳಗೆ ಕೊಯ್ಯಿರಿ ನೋಡೋಣ. ರಕ್ತದ ಕಣಗಳು ಮೊದಲೇ ಬಿಡಿಬಿಡಿಯಾಗಿ ತೇಲಿಕೊಂಡಿರುತ್ತವೆ. ಮಾಂಸದ ಚೂರು ಹಾಗಲ್ಲ, ಒಂದಕ್ಕೊಂದು ಅಂಟಿಕೊಂಡ ಊರು ಅದು.

ಮೊದಲು ಅದು ಕೊಳೆಯದ ಹಾಗೆ ನೋಡಿಕೊಳ್ಳಬೇಕು. ಅದಕ್ಕೆ ಫಾರ್ಮಲಿನ್ ಅನ್ನುವ ದ್ರಾವಣ. ಇದು ಮಾಂಸದೊಳಗೆ ಇಳಿಯುವುದು ಗಂಟೆಗೆ ಸುಮಾರು 1 ಮಿಲಿಮೀಟರ್, ಒಳಗೆ ಹೋದ ಹಾಗೆ ಇನ್ನೂ ನಿಧಾನ. ನಿಮ್ಮ ಅರ್ಜೆಂಟು ಅದಕ್ಕೆ ಗೊತ್ತಿಲ್ಲ. ಗರ್ಭಕೋಶದಂಥ ದೊಡ್ಡ ಭಾಗ ಬಂದರೆ ಸೀಳಿ ಬಿಡಿಸಿ ಒಂದು ರಾತ್ರಿ ನೆನೆಯಲು ಬಿಡಬೇಕು. ಫಾರ್ಮಲಿನ್ ಮಾಂಸವನ್ನು ಗಟ್ಟಿ ಮಾಡುತ್ತದೆ ಅನ್ನುವುದು ಗೊತ್ತಾಗಿದ್ದು ಹೇಗೆ ಗೊತ್ತಾ? ಜರ್ಮನಿಯ ಫರ್ಡಿನಾಂಡ್ ಬ್ಲುಮ್ ಎಂಬ ಡಾಕ್ಟರ್ ಅದು ಕ್ರಿಮಿಗಳನ್ನು ಕೊಲ್ಲುತ್ತದಾ ಅಂತ ಪರೀಕ್ಷೆ ಮಾಡುತ್ತಿದ್ದ. ಅವನ ಬೆರಳ ತುದಿಯ ಚರ್ಮವೇ ಬಿರುಸಾಯಿತು. 1893ರಲ್ಲಿ ಅದನ್ನು ಬರೆದು ಪ್ರಕಟಿಸಿದ. ಗ್ಲೌಸ್ ತೂತಾದ ದಿನ ನನ್ನ ಬೆರಳೂ ಹಾಗೇ ಆಗುತ್ತದೆ, ಆದರೆ ಅದನ್ನು ಪ್ರಕಟಿಸುವವರು ಯಾರೂ ಇಲ್ಲ.

ಆಮೇಲೆ ಡಾಕ್ಟರ್ ಬೇಕಾದ ಜಾಗದಿಂದ ಚಿಕ್ಕ ಚಿಕ್ಕ ತುಂಡು ತೆಗೆದು ಕೊಡುತ್ತಾರೆ. ನಾವು ಗ್ರಾಸಿಂಗ್ ಅನ್ನುತ್ತೇವೆ. ತುಂಡುಗಳು ಕಿಂಡಿ ಕಿಂಡಿಯ ಪ್ಲಾಸ್ಟಿಕ್ ಕ್ಯಾಸೆಟ್ಟಿಗೆ ಹೋಗುತ್ತವೆ. ನಂಬರು ಪೆನ್ಸಿಲಿನಲ್ಲೇ ಬರೆಯಬೇಕು, ಪೆನ್ನಿನ ಇಂಕು ಆಲ್ಕೋಹಾಲಿನಲ್ಲೋ ಝೈಲೀನಿನಲ್ಲೋ ಕರಗಿ ಹೋಗುತ್ತದೆ. ರಾತ್ರಿಯಿಡೀ ಮೆಷಿನ್ನು ಆ ಕ್ಯಾಸೆಟ್ಟುಗಳನ್ನು ಒಂದು ಜಾಡಿಯಿಂದ ಇನ್ನೊಂದಕ್ಕೆ ಎತ್ತಿ ಹಾಕುತ್ತದೆ. 70 ಪರ್ಸೆಂಟ್ ಆಲ್ಕೋಹಾಲಿನಿಂದ ಶುರುವಾಗಿ 100ರವರೆಗೆ, ಮೆಟ್ಟಿಲು ಮೆಟ್ಟಿಲಾಗಿ ನೀರು ತೆಗೆಯಬೇಕು. ಒಮ್ಮೆಗೇ 100ಕ್ಕೆ ಹಾಕಿದರೆ ಚೂರು ಮುರುಟಿಕೊಳ್ಳುತ್ತದೆ. ಆಲ್ಕೋಹಾಲಿಗೂ ಮೇಣಕ್ಕೂ ಆಗಿಬರುವುದಿಲ್ಲ, ಅದಕ್ಕೆ ನಡುವೆ ಎರಡರ ಜೊತೆಗೂ ಬೆರೆಯುವ ಝೈಲೀನ್. ಕೊನೆಗೆ ಕರಗಿದ ಪ್ಯಾರಾಫಿನ್ ಮೇಣ. ನೀರಿದ್ದ ಜಾಗದಲ್ಲೆಲ್ಲ ಮೇಣ ತುಂಬಿದರೆ ಮಾತ್ರ ಅದು ಕೊಯ್ಯಲು ಬರುತ್ತದೆ. ಇದಕ್ಕೇ ಹನ್ನೆರಡು ಹದಿನಾಲ್ಕು ಗಂಟೆ ಹೋಯಿತು. ರಾತ್ರಿ ಕರೆಂಟು ಹೋಗಿ ಯುಪಿಎಸ್ಸೂ ಕೈಕೊಟ್ಟರೆ ಆ ಕಥೆ ಬೇರೆ.

ಮೂಳೆ ಇದ್ದರೆ ಫಾರ್ಮಲಿನ್ ಆದ ಮೇಲೆ, ಈ ಮೆಷಿನ್ನಿಗೆ ಹಾಕುವ ಮೊದಲು, ಆಸಿಡ್ಡಿನಲ್ಲಿಟ್ಟು ಸುಣ್ಣ ತೆಗೆಯಬೇಕು. ಅದಕ್ಕೆ ದಿನಗಟ್ಟಲೆ, ಕೆಲವು ಸಲ ವಾರಗಟ್ಟಲೆ. ಮೂಳೆಯವರು ದಯವಿಟ್ಟು ಫೋನ್ ಮಾಡಬೇಡಿ.

ಬೆಳಿಗ್ಗೆ ಬಂದು ಮೇಣದ ಬ್ಲಾಕ್ ಮಾಡುತ್ತೇನೆ. ಚೂರನ್ನು ಅಚ್ಚಿನೊಳಗೆ ಸರಿಯಾದ ಮಗ್ಗುಲಿಗೆ ಮಲಗಿಸಬೇಕು. ಚರ್ಮದ ಚೂರನ್ನು ಅಡ್ಡಡ್ಡ ಮಲಗಿಸಿದರೆ ಮೇಲಿನ ಪದರ ಎಲ್ಲಿ, ಒಳಗಿನದು ಎಲ್ಲಿ ಅಂತ ಡಾಕ್ಟರಿಗೆ ತಿಳಿಯುವುದೇ ಇಲ್ಲ. ಆಮೇಲೆ ಬ್ಲಾಕನ್ನು ಐಸಿನ ಮೇಲಿಟ್ಟು ತಣ್ಣಗೆ ಮಾಡಿ ಮೈಕ್ರೋಟೋಮಿಗೆ, ಅಂದರೆ ಪದರ ಕೊಯ್ಯುವ ಯಂತ್ರಕ್ಕೆ, ಸಿಕ್ಕಿಸುತ್ತೇನೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನನಗೆ ಇಷ್ಟವಾದ ಕೆಲಸ ಇದು. ಬಲಗೈಯಲ್ಲಿ ಚಕ್ರ ತಿರುಗಿಸಿದ ಹಾಗೆ ಬ್ಲಾಕ್ ಮೇಲೆ ಕೆಳಗೆ ಹೋಗುತ್ತದೆ, ಬ್ಲೇಡು ಒಂದೊಂದೇ ಪದರ ಬಿಡಿಸುತ್ತದೆ. ಪದರಗಳು ಅಂಚಿಗೆ ಅಂಚು ಅಂಟಿಕೊಂಡು ರಿಬ್ಬನ್ನಿನ ಹಾಗೆ ಇಳಿದು ಬರುತ್ತವೆ. ಅದನ್ನು ಬ್ರಷ್ಷಿನ ತುದಿಯಿಂದ ಎತ್ತಿ ಬೆಚ್ಚನೆ ನೀರಿನ ಮೇಲೆ ಬಿಡಬೇಕು. ನೀರು ಸುಮಾರು 45 ಡಿಗ್ರಿ ಇರಬೇಕು. ಜಾಸ್ತಿ ಬಿಸಿಯಾದರೆ ಮೇಣ ಕರಗಿ ಪದರ ಚದುರುತ್ತದೆ, ಕಡಿಮೆಯಾದರೆ ಸುಕ್ಕು ಬಿಡುವುದಿಲ್ಲ. ಸರಿಯಾಗಿದ್ದರೆ ರಿಬ್ಬನ್ನು ಇಸ್ತ್ರಿ ಹಾಕಿದ ಹಾಗೆ ಹರಡಿಕೊಳ್ಳುತ್ತದೆ. ಆಗ ಸ್ಲೈಡನ್ನು ಅದರ ಅಡಿಗೆ ತೂರಿಸಿ ಮೆಲ್ಲಗೆ ಎತ್ತಬೇಕು. ಅಷ್ಟು ಹೊತ್ತೂ ಫ್ಯಾನ್ ಬಂದ್. ಹಾಕಿದರೆ ರಿಬ್ಬನ್ ಹಾರುತ್ತದೆ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಫ್ಯಾನಿಲ್ಲದೆ, ಮಾಸ್ಕ್ ಹಾಕಿಕೊಂಡು, ಬೆವರು ಬ್ಲಾಕಿನ ಮೇಲೆ ಬೀಳದ ಹಾಗೆ ಕೂತಿರುತ್ತೇನೆ. ಒಂದು ಸಲ ಯಾರೋ ಬಾಗಿಲಿನಿಂದ ಇಣುಕಿ, "ಫ್ಯಾನ್ ಹಾಕ್ಕೊಂಡು ಆರಾಮಾಗಿ ಮಾಡಿ ಮೇಡಂ" ಅಂತ ಹೇಳಿ, ಅವರೇ ಸ್ವಿಚ್ ಒತ್ತಿದರು. ಮೂರು ರೋಗಿಗಳ ರಿಬ್ಬನ್ನು ನನ್ನ ತಲೆಗೂದಲಿನಲ್ಲಿತ್ತು. ಬ್ಲಾಕು ಉಳಿದಿತ್ತು, ಮತ್ತೆ ಕೊಯ್ದೆ. ಅವತ್ತಿನ ರಿಪೋರ್ಟು ಲೇಟಾಯಿತು, ಹೌದು.

ಇನ್ನು ಬಣ್ಣ. ನಮ್ಮ ಚಿಕ್ಕಮ್ಮ ಹೇಳುವ ಹಾಗೆ, "ಅವಳು ಲ್ಯಾಬಲ್ಲಿ ಬಣ್ಣ ಹಾಕ್ತಾಳೆ." ಹೌದು ಚಿಕ್ಕಮ್ಮ, ಹಾಕುತ್ತೇನೆ. ಬಣ್ಣವಿಲ್ಲದಿದ್ದರೆ ಸ್ಲೈಡಿನಲ್ಲಿ ಹೆಚ್ಚುಕಡಿಮೆ ಏನೂ ಕಾಣುವುದಿಲ್ಲ. ಮೊದಲ ಬಣ್ಣ ಹೆಮಟಾಕ್ಸಿಲಿನ್, ಅದು ಬರುವುದು ಮೆಕ್ಸಿಕೊ ಕಡೆಯ ಒಂದು ಮರದ ತಿರುಳಿನಿಂದ. ಹಿಂದೆ ಅದರಲ್ಲಿ ಬಟ್ಟೆಗೆ ಬಣ್ಣ ಕಟ್ಟುತ್ತಿದ್ದರು. ಅದು ಹಾಗೇ ಹಿಡಿಯುವುದಿಲ್ಲ, ಜೊತೆಗೆ ಆಲಂ ಬೇಕು. ಕ್ಷೌರದಂಗಡಿಯಲ್ಲಿ ಗೆರೆ ಬಿದ್ದ ಕೆನ್ನೆಗೆ ಉಜ್ಜುತ್ತಾರಲ್ಲ, ಅದೇ ಪಟಿಕ. ಕೋಶದ ನ್ಯೂಕ್ಲಿಯಸ್ಸು ಮೊದಲು ಕೆಂಪಗಿರುತ್ತದೆ, ನಲ್ಲಿ ನೀರಿನಲ್ಲಿ ಹಿಡಿದರೆ ನೀಲಿಗೆ ತಿರುಗುತ್ತದೆ. ಸ್ವಲ್ಪ ಕ್ಷಾರ ಇರುವ ನೀರೇ ಬೇಕು. ಅಡಿಗೆಗೆ ಬೈಸಿಕೊಳ್ಳುವ ನಮ್ಮ ಬೋರ್‌ವೆಲ್ ಗಡಸು ನೀರಿಗೆ ಸಿಕ್ಕಿರುವ ಮರ್ಯಾದೆ ಇದೊಂದೇ. ಆಮೇಲೆ ಇಯೋಸಿನ್, ಉಳಿದ ಭಾಗಕ್ಕೆ ಗುಲಾಬಿ. ಇಯೋಸ್ ಅಂದರೆ ಗ್ರೀಕರ ಉಷೆ.

"ನಮ್ಮ ಭಾವನದು ಆಪರೇಷನ್ ನಡೀತಿದ್ದಾಗಲೇ 20 ನಿಮಿಷಕ್ಕೆ ಹೇಳಿದ್ರಲ್ಲ?" ಈ ಪ್ರಶ್ನೆಯೂ ಬರುತ್ತದೆ. ಅದು ಫ್ರೋಜನ್ ಸೆಕ್ಷನ್. ಮೇಣದ ಬದಲು ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸಿ ಕೊಯ್ಯುತ್ತಾರೆ. ಚಿತ್ರ ಒರಟೊರಟು. ಸರ್ಜನ್ ಚಾಕು ಹಿಡಿದು ಕಾಯುತ್ತಿರುವಾಗ ಇನ್ನೂ ತೆಗೆಯಬೇಕಾ, ಸಾಕಾ ಅಂತ ಹೇಳಲು ಅದು. ನಿಮ್ಮ ಭಾವನ ಉಳಿದ ಚೂರು ಕೂಡ ಆಮೇಲೆ ಮೇಣಕ್ಕೇ ಹೋಗಿರುತ್ತದೆ, ಪೂರ್ತಿ ರಿಪೋರ್ಟು ನಾಲ್ಕು ದಿನಕ್ಕೇ ಬಂದಿರುತ್ತದೆ. ನೀವು ಮರೆತಿದ್ದೀರಿ ಅಷ್ಟೇ.

ಸರಿ. ನಿಮ್ಮ ಪ್ರಶ್ನೆಗೆ ಉತ್ತರ ಮುಗಿಯಿತು. ಆದರೆ ಇಷ್ಟು ವರ್ಷದಲ್ಲಿ ಯಾರಾದರೂ ಕೇಳಲಿ ಅಂತ ಕಾದ ಪ್ರಶ್ನೆ ಬೇರೆ ಇದೆ. "ಇದನ್ನ ಯಾವುದರಲ್ಲಿ ಹಾಕಿ ತರಬೇಕು?"

ನಮ್ಮ ಕಡೆ ಸಣ್ಣ ನರ್ಸಿಂಗ್ ಹೋಮಿನಲ್ಲಿ ತೆಗೆದದ್ದನ್ನು ಎಷ್ಟೋ ಸಲ ಮನೆಯವರ ಕೈಗೇ ಕೊಟ್ಟು ಲ್ಯಾಬಿಗೆ ಕಳಿಸುತ್ತಾರೆ. ಬಸ್ಸಿನಲ್ಲಿ ಬರುತ್ತದೆ. ಉಪ್ಪಿನಕಾಯಿ ಬಾಟಲಿಯಲ್ಲಿ, ಗಾಜ್ ಬಟ್ಟೆಯಲ್ಲಿ ಸುತ್ತಿ, ಬಾಯಿ ಸಣ್ಣಗಿರುವ ನೀರಿನ ಬಾಟಲಿಯಲ್ಲಿ. ಹಾಕುವಾಗ ಮೆತ್ತಗಿರುತ್ತದೆ, ಹೋಗುತ್ತದೆ. ಫಾರ್ಮಲಿನ್ನಿನಲ್ಲಿ ಗಟ್ಟಿಯಾದ ಮೇಲೆ ಬಾಟಲಿ ಕೊಯ್ದೇ ತೆಗೆಯಬೇಕು.

ಎರಡು ವರ್ಷದ ಹಿಂದೆ ಜಗಳೂರು ಕಡೆಯ ಒಬ್ಬ ಹುಡುಗ ತಮ್ಮನ ಕತ್ತಿನ ಗಂಟು ತಂದ. ಟಿಬಿಯೋ, ಲಿಂಫೋಮಾ ಅನ್ನುವ ಕ್ಯಾನ್ಸರೋ ನೋಡಬೇಕಿತ್ತು. ಇಂಥ ಗಂಟನ್ನು ಎರಡು ಪಾಲು ಮಾಡಬೇಕು. ಕಲ್ಚರ್‌ಗೆ, ಅಂದರೆ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆಗೆ, ಹೋಗುವುದು ಸಲೈನ್ ಅನ್ನುವ ಉಪ್ಪುನೀರಿನಲ್ಲಿ, ಯಾಕೆಂದರೆ ಫಾರ್ಮಲಿನ್ ಕ್ರಿಮಿಯನ್ನೂ ಕೊಂದುಬಿಡುತ್ತದೆ. ನಮಗೆ ಬರುವುದು ಫಾರ್ಮಲಿನ್ನಿನಲ್ಲಿ. ಯಾರೋ ಎರಡನ್ನೂ ಸಲೈನಿಗೆ ಹಾಕಿದ್ದರು. ನಡುವೆ ಹಬ್ಬದ ರಜೆ. ಎರಡು ದಿನ ಮನೆಯಲ್ಲಿ ಕಿಟಕಿ ಪಕ್ಕ ಇಟ್ಟಿದ್ದು ಮೂರನೇ ದಿನ ತಂದ. ಮುಚ್ಚಳ ತೆಗೆದ ಕೂಡಲೇ ವಾಸನೆಗೇ ಗೊತ್ತಾಯಿತು.

ಆದರೂ ಮಾಡಿದೆ. ಎಲ್ಲ ಜಾಡಿ, ಎಲ್ಲ ಮೇಣ, ಎಲ್ಲ ಬಣ್ಣ. ಸ್ಲೈಡ್ ನೋಡಿದರೆ ಎಲ್ಲ ಮಾಸಲು ಗುಲಾಬಿ, ನೀಲಿ ಇಲ್ಲವೇ ಇಲ್ಲ. ಕೋಶಗಳು ತಮ್ಮನ್ನು ತಾವೇ ಕರಗಿಸಿಕೊಂಡಿದ್ದವು. ಡಾಕ್ಟರ್ ಇನ್ನೆರಡು ಸಲ ಆಳಕ್ಕೆ ಕೊಯ್ಯಿಸಿದರು, ಅದೇ ಕಥೆ. ಕೊಳೆತಿದೆ, ಹೇಳಲಾಗದು, ಮತ್ತೆ ಬಯಾಪ್ಸಿ ಮಾಡಿ ಅಂತ ಬರೆದರು. ಆ ಹುಡುಗ ಹಾಳೆ ಹಿಡಿದು ನಿಂತ. "ನಾಲ್ಕು ದಿನ ಇಟ್ಕೊಂಡು ಇದನ್ನಾ ಹೇಳೋದು?" ಅವನ ತಮ್ಮನಿಗೆ 19 ವರ್ಷ, ಮತ್ತೆ ಕತ್ತು ಕೊಯ್ಯಿಸಿಕೊಳ್ಳಬೇಕಿತ್ತು. ನಾನು ಏನೂ ಹೇಳಲಿಲ್ಲ. ಮೊದಲ ದಿನವೇ ವಾಸನೆ ಬಂದಾಗ ಹೇಳಬಹುದಿತ್ತು. ಡಾಕ್ಟರ್ ಹೇಳಲಿ ಅಂತ ಸುಮ್ಮನಿದ್ದೆ.

ಹತ್ತು ದಿನ ಆದ ಮೇಲೆ ಒಂದು ಫೋನ್ ಬಂತು. ಹಿಂದೆ ಬಸ್ ಸ್ಟ್ಯಾಂಡಿನ ಗದ್ದಲ. "ಅಕ್ಕಾ, ನಾಳೆ ಮತ್ತೆ ಆಪರೇಷನ್ನು. ಈ ಸಲ ಯಾವುದ್ರಲ್ಲಿ ಹಾಕ್ಬೇಕು?"

ಸಂಜೆ ಬಂದು ನಮ್ಮಿಂದಲೇ ಅಗಲ ಬಾಯಿಯ ಡಬ್ಬಿ ತಗೊಂಡು ಹೋದ. ಫಾರ್ಮಲಿನ್ ತುಂಬಿಸಿ ಕೊಟ್ಟೆ, ಗಂಟಿನ ಹತ್ತು ಪಟ್ಟಾದರೂ ಇರಲಿ ಅಂತ ಜಾಸ್ತಿಯೇ ಹಾಕಿದೆ. ಕಲ್ಚರ್‌ಗೆ ಬೇರೆ ಡಬ್ಬಿ, ಎರಡಕ್ಕೂ ದಪ್ಪ ಅಕ್ಷರದಲ್ಲಿ ಚೀಟಿ. ಮರುದಿನ ಆಪರೇಷನ್ ಆಗಿ ಎರಡು ಗಂಟೆಯೊಳಗೆ ಗಂಟು ನಮ್ಮ ಟೇಬಲ್ಲಿನಲ್ಲಿತ್ತು. ಅಷ್ಟು ಚೆನ್ನಾಗಿ ಬಣ್ಣ ಹಿಡಿದ ಸ್ಲೈಡು ಆ ತಿಂಗಳಲ್ಲಿ ಇನ್ನೊಂದಿರಲಿಲ್ಲ. ಟಿಬಿ ಅಂತ ಬಂತು, ಆರು ತಿಂಗಳ ಮಾತ್ರೆ.

ಆದರೆ ರಿಪೋರ್ಟ್ ಬರುವ ಮೊದಲು, ಗಂಟು ಕೊಟ್ಟ ಮರುದಿನ ಬೆಳಿಗ್ಗೆ ಹತ್ತಕ್ಕೆ ಅವನು ಕೌಂಟರಿನಲ್ಲಿ ನಿಂತಿದ್ದ.

"ಅಕ್ಕಾ, ಆಯ್ತಾ?"