ಗೌಟ್‌ಗೆ ಮಾಮೂಲಿ ಮಾತ್ರೆ ಆಗಿಬರದಿದ್ದರೆ

ಕಾಲಿನ ಹೆಬ್ಬೆಟ್ಟಿನ ಬುಡ ರಾತ್ರೋರಾತ್ರಿ ಕೆಂಪಗೆ ಊದಿಕೊಳ್ಳುತ್ತದೆ, ಹೊದಿಕೆ ತಾಗಿದರೂ ಜೀವ ಹೋದಂತಾಗುತ್ತದೆ. ರಕ್ತದ ಯೂರಿಕ್ ಆಸಿಡ್ ಕೀಲಿನಲ್ಲಿ ಹರಳುಗಟ್ಟಿ ಎಬ್ಬಿಸುವ ಈ ನೋವೇ ಗೌಟ್. ಬೆಳಗಾದ ಮೇಲೆ ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಮೆಡಿಕಲ್ ಶಾಪಿಗೆ ಹೋದರೆ ಕೈಗೆ ಸಿಗುವುದು ಡೈಕ್ಲೋಫೆನಾಕ್, ಇಲ್ಲವೇ ಎಟೊರಿಕಾಕ್ಸಿಬ್. ಕಿಡ್ನಿ ಗಟ್ಟಿಯಿದ್ದು, ಹೊಟ್ಟೆಹುಣ್ಣಿಲ್ಲದ ನಡುವಯಸ್ಸಿನವರಿಗೆ ಅದು ಸರಿಯಾದ ಮದ್ದೇ. ಆದರೆ ಗೌಟ್ ಹೆಚ್ಚಾಗಿ ಹಿಡಿಯುವುದು ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರನ್ನು. ಅವರಲ್ಲಿ ಬಹಳ ಮಂದಿಗೆ ಈ ನೋವಿನ ಮಾತ್ರೆ ಸಲ್ಲದು: ಕಿಡ್ನಿ ಇನ್ನಷ್ಟು ಕುಗ್ಗುತ್ತದೆ, ಮೈಯಲ್ಲಿ ನೀರು ನಿಲ್ಲುತ್ತದೆ, ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ ಹೊಟ್ಟೆಯೊಳಗೆ ರಕ್ತ ಸೋರುತ್ತದೆ.

ಯೂರಿಕ್ ಆಸಿಡ್ ಎಷ್ಟಿದೆ ಎಂದು ಎಲ್ಲರಿಗೂ ಬಾಯಿಪಾಠ. ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ಎಷ್ಟು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಔಷಧ ಆರಿಸುವುದಕ್ಕೆ ಮೊದಲು ಬೇಕಾದದ್ದು ಕ್ರಿಯಾಟಿನಿನ್, ಅದರಿಂದ ಲೆಕ್ಕ ಹಾಕುವ ಇಜಿಎಫ್‌ಆರ್, ಅಂದರೆ ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು. ನೋವು ಎದ್ದ ದಿನ ಯೂರಿಕ್ ಆಸಿಡ್ ಸಹಜವಾಗಿಯೇ ಬರಬಹುದು, ಅದನ್ನು ನಂಬಿ ಗೌಟ್ ಅಲ್ಲ ಎನ್ನಬೇಡಿ. ನೋವು ಇಳಿದು ಎರಡು ವಾರ ಕಳೆದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ.

ಜ್ವರ, ಚಳಿ ಜೊತೆಗಿದ್ದರೆ ಮಾತ್ರ ಮನೆಯಲ್ಲಿ ಕೂರಬಾರದು. ಕೀಲಿನೊಳಗೆ ಕೀವಾದರೂ ನೋಡಲು ಹೀಗೇ ಇರುತ್ತದೆ. ಸೂಜಿ ಹಾಕಿ ನೀರು ತೆಗೆದು, ಹರಳಿದೆಯೇ, ಬ್ಯಾಕ್ಟೀರಿಯಾ ಇದೆಯೇ ಎಂದು ನೋಡದ ಹೊರತು ಎರಡನ್ನೂ ಬೇರ್ಪಡಿಸುವುದು ಕಷ್ಟ. ನಮ್ಮ ಕಡೆ ಇನ್ನೊಂದು ಮಾತು ಹೇಳಲೇಬೇಕು. ಮಂಗನ ಕಾಯಿಲೆ, ಡೆಂಗಿ ಹಬ್ಬುವ ಕಾಲದಲ್ಲಿ ಜ್ವರವೂ ಮೈಕೈ ನೋವೂ ಒಟ್ಟಿಗೆ ಬಂದರೆ ಪ್ಲೇಟ್‌ಲೆಟ್ ನೋಡದೆ ನೋವಿನ ಮಾತ್ರೆ ನುಂಗಬೇಡಿ.

ನೋವಿನ ಮಾತ್ರೆ ಬೇಡವೆಂದಾದರೆ ಮುಂದಿನದು ಕಾಲ್ಚಿಸಿನ್. 0.5 ಮಿಲಿಗ್ರಾಂ ಮಾತ್ರೆ ಎರಡು, ಗಂಟೆ ಬಿಟ್ಟು ಒಂದು. ಮೊದಲ ದಿನಕ್ಕೆ ಅಷ್ಟೇ. ಭೇದಿ ಶುರುವಾಗುವ ತನಕ ಗಂಟೆಗೊಂದು ನುಂಗಿಸುವ ಹಳೆಯ ಕ್ರಮ ಈಗ ಇಲ್ಲ. ಕಡಿಮೆ ಪ್ರಮಾಣವೂ ಅಷ್ಟೇ ಕೆಲಸ ಮಾಡುತ್ತದೆಂದು 2010ರಲ್ಲಿ ಪ್ರಕಟವಾದ ಪ್ರಯೋಗವೇ ತೋರಿಸಿದೆ. ನೋವು ಎದ್ದ 12 ಗಂಟೆಯೊಳಗೆ ಕೊಟ್ಟರೆ ಗುಣ ಹೆಚ್ಚು, ಮೂರನೇ ದಿನ ಕೊಟ್ಟರೆ ಅಷ್ಟಕ್ಕಷ್ಟೆ. ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದರೆ ಈ ಪ್ರಮಾಣವನ್ನೂ ಇಳಿಸಬೇಕು, ಎರಡು ವಾರದೊಳಗೆ ಮತ್ತೆ ಕೊಡಬಾರದು. ಕ್ಲಾರಿಥ್ರೊಮೈಸಿನ್, ಸೈಕ್ಲೋಸ್ಪೊರಿನ್, ವೆರಪಮಿಲ್, ಡಿಲ್ಟಿಯಾಜೆಮ್ ಈ ಔಷಧಗಳ ಜೊತೆ ಸೇರಿದರೆ ಕಾಲ್ಚಿಸಿನ್ ಮೈಯಲ್ಲಿ ಏರುತ್ತದೆ. ಆಗ ಭೇದಿ, ತೊಡೆ-ತೋಳಿನ ಸೋಲು, ರಕ್ತಕಣ ಕುಸಿತ ಒಂದರ ಹಿಂದೆ ಒಂದು ಬರುತ್ತವೆ.

ಮಳೆಗಾಲದಲ್ಲಿ ಬೇಲಿಗೆ ಹಬ್ಬಿ ಅರಳುವ ಅಗ್ನಿಶಿಖೆಯ ಗೆಡ್ಡೆಯಲ್ಲಿರುವುದೂ ಇದೇ ಕಾಲ್ಚಿಸಿನ್. ಗೆಡ್ಡೆಯನ್ನು ತೇಯ್ದು ಒಳಗೆ ತೆಗೆದುಕೊಂಡರೆ ಎಷ್ಟು ಮಿಲಿಗ್ರಾಂ ಹೋಯಿತೆಂದು ಯಾರಿಗೂ ಗೊತ್ತಾಗದು. ಔಷಧಕ್ಕೂ ವಿಷಕ್ಕೂ ನಡುವಿನ ಅಂತರ ತೀರಾ ಕಡಿಮೆ, ಸಾವುಗಳಾಗಿವೆ. ದಯವಿಟ್ಟು ಆ ಕೆಲಸಕ್ಕೆ ಹೋಗಬೇಡಿ.

ಕಿಡ್ನಿ ಕುಗ್ಗಿದವರಿಗೆ ನನ್ನ ಮೊದಲ ಆಯ್ಕೆ ಪ್ರೆಡ್ನಿಸೊಲೋನ್. ವೈದ್ಯರು ಸಾಮಾನ್ಯವಾಗಿ ಬರೆಯುವುದು ಬೆಳಿಗ್ಗೆ ತಿಂಡಿಯ ನಂತರ 30ರಿಂದ 35 ಮಿಲಿಗ್ರಾಂ, 5 ದಿನ. ಸ್ಟೀರಾಯ್ಡ್ ಎಂಬ ಹೆಸರಿಗೇ ಜನ ಹೆದರುತ್ತಾರೆ, ಆದರೆ ಐದು ದಿನದ ಕೋರ್ಸು ವರ್ಷಗಟ್ಟಲೆ ನುಂಗುವುದಕ್ಕೆ ಸಮವಲ್ಲ. ಸಕ್ಕರೆ ಕಾಯಿಲೆಯವರು ಗಮನಿಸಬೇಕಾದದ್ದು ಮಧ್ಯಾಹ್ನದ ಊಟದ ನಂತರದ ಮತ್ತು ಸಂಜೆಯ ಶುಗರ್. ಖಾಲಿ ಹೊಟ್ಟೆಯದು ಚೆನ್ನಾಗಿದೆ ಎಂದು ಮೋಸಹೋಗುವುದು ಇಲ್ಲೇ. ಎರಡನೇ ದಿನಕ್ಕೆ ಹಾಯೆನಿಸಿತೆಂದು ಬಿಟ್ಟರೆ ನೋವು ಮರಳುತ್ತದೆ. ಶುಗರ್ ಹತೋಟಿಯಲ್ಲೇ ಇಲ್ಲದವರಿಗೆ, ಒಂದೇ ಕೀಲು ಹಿಡಿದಿದ್ದರೆ, ಆ ಕೀಲಿಗೇ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಚುಚ್ಚಿಸುವುದು ವಾಸಿ: ಮಂಡಿಗಾದರೆ 40 ಮಿಲಿಗ್ರಾಂ, ಹೆಬ್ಬೆಟ್ಟಿಗಾದರೆ ಅದರ ಕಾಲುಭಾಗ. ಶುಗರ್ ಆಗಲೂ ಕೆಲವು ದಿನ ಏರಬಹುದು. ಕೀವಿಲ್ಲವೆಂದು ಖಚಿತವಾಗದೆ ಚುಚ್ಚಬಾರದು.

ಇವೆಲ್ಲವೂ ಬಾಗಿಲು ಮುಚ್ಚಿದರೆ ಉರಿಯೂತದ ಮೂಲ ಸಂಕೇತವನ್ನೇ ತಡೆಯುವ ಇಂಜೆಕ್ಷನ್‌ಗಳಿವೆ. ಅನಾಕಿನ್ರಾ ದಿನಕ್ಕೆ 100 ಮಿಲಿಗ್ರಾಂ, ಮೂರರಿಂದ ಐದು ದಿನ. ಕನಾಕಿನುಮಾಬ್ 150 ಮಿಲಿಗ್ರಾಂ ಒಂದೇ ಸಲ, ಇದಕ್ಕೆ ಅಮೆರಿಕದಲ್ಲಿ ಗೌಟ್‌ಗೆಂದು ಒಪ್ಪಿಗೆ ಸಿಕ್ಕಿದ್ದು 2023ರಲ್ಲಿ. ತುಂಬಾ ದುಬಾರಿ. ಮೈಯಲ್ಲಿ ಸೋಂಕು, ಅಡಗಿದ ಕ್ಷಯ ಇಲ್ಲವೆಂದು ನೋಡಿಕೊಂಡೇ ಕೊಡಬೇಕು, ಕೀಲುರೋಗ ತಜ್ಞರ ಕೈಯಲ್ಲೇ ಆಗಬೇಕು.

ಖರ್ಚಿಲ್ಲದ್ದು ಐಸ್. ಬಟ್ಟೆಯಲ್ಲಿ ಸುತ್ತಿ 20 ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ. ಬಿಸಿ ಶಾಖ, ನೀಲಗಿರಿ ಎಣ್ಣೆ ಹಾಕಿ ತಿಕ್ಕುವುದು ಆ ಹೊತ್ತಿಗೆ ಬೇಡ. ಗಂಬೂಟು ತೊಟ್ಟು ತೋಟಕ್ಕಿಳಿಯುವುದೂ ಬೇಡ.

ಇಷ್ಟೂ ನೋವಿಗೆ. ಯೂರಿಕ್ ಆಸಿಡ್ ಇಳಿಸುವುದು ಬೇರೆಯೇ ಕೆಲಸ, ಗುರಿ ಡೆಸಿಲೀಟರಿಗೆ 6 ಮಿಲಿಗ್ರಾಂನ ಕೆಳಗೆ, ಚರ್ಮದಡಿ ಗಂಟು ಕಟ್ಟಿದ್ದರೆ 5ರ ಕೆಳಗೆ. ಅದಕ್ಕೆ ಕೊಡುವ ಅಲೋಪ್ಯುರಿನಾಲ್ ಮಾತ್ರೆ ಆಗುವುದಿಲ್ಲ ಎನ್ನುವ ಬಹಳ ಮಂದಿಗೆ ನಿಜವಾಗಿ ಆಗಿರುವುದು ಅಲರ್ಜಿಯಲ್ಲ. ಮಾತ್ರೆ ಶುರುವಾದಾಗ ಕೀಲಿನ ಹಳೆಯ ಹರಳು ಕರಗತೊಡಗಿ ಮೊದಲ ಕೆಲವು ತಿಂಗಳು ನೋವು ಮತ್ತೆ ಮತ್ತೆ ಏಳುತ್ತದೆ. ಅದಕ್ಕೇ ಜೊತೆಗೆ 3ರಿಂದ 6 ತಿಂಗಳು ಕಾಲ್ಚಿಸಿನ್ 0.5, ಅದೂ ಆಗದವರಿಗೆ ಪ್ರೆಡ್ನಿಸೊಲೋನ್ 5 ಮಿಲಿಗ್ರಾಂ ಕೊಡುತ್ತಾರೆ. ಕಿಡ್ನಿ ಕುಗ್ಗಿದೆ ಎಂಬ ಒಂದೇ ಕಾರಣಕ್ಕೆ ಅಲೋಪ್ಯುರಿನಾಲ್ ತಳ್ಳಿಹಾಕಬೇಕಿಲ್ಲ: 50 ಮಿಲಿಗ್ರಾಂನಿಂದ ಶುರುಮಾಡಿ, ಕೆಲವು ವಾರಕ್ಕೊಮ್ಮೆ ರಕ್ತ ನೋಡಿ 50 ಏರಿಸುತ್ತಾ ಹೋಗಬಹುದು. ತೊಂದರೆ ಬರುವುದು ಹೆಚ್ಚಾಗಿ ಮೊದಲ ದಿನದಿಂದಲೇ 300 ಕೊಟ್ಟಾಗ. ನಿಜವಾದ ಅಲರ್ಜಿ ಸಾಮಾನ್ಯವಾಗಿ ಮೊದಲ ಎಂಟು ವಾರದಲ್ಲೇ ಕಾಣಿಸುತ್ತದೆ. ಮೈಯೆಲ್ಲ ದದ್ದು, ಜ್ವರ, ಮುಖ ಊತ, ಬಾಯಲ್ಲಿ ಹುಣ್ಣು ಬಂದರೆ ಆ ಕ್ಷಣವೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಹೀಗಾದವರು ಮತ್ತೆಂದೂ ಅಲೋಪ್ಯುರಿನಾಲ್ ಮುಟ್ಟಬಾರದು, ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆಸಿಡಿ.

ಯೂರಿಕ್ ಆಸಿಡ್ ಇಳಿಸಲು ಆಮೇಲಿನದು ಫೆಬುಕ್ಸೊಸ್ಟಾಟ್, 40ರಿಂದ 80 ಮಿಲಿಗ್ರಾಂ. ಹೃದ್ರೋಗಿಗಳಲ್ಲಿ ಸಾವು ಹೆಚ್ಚೆಂದು 2018ರ ಕೇರ್ಸ್ ಪ್ರಯೋಗ ಹೇಳಿತು, 2020ರ ಫಾಸ್ಟ್ ಪ್ರಯೋಗದಲ್ಲಿ ಅದು ಕಾಣಲಿಲ್ಲ. ಹೃದಯಾಘಾತ ಆದವರು ಹೃದ್ರೋಗ ತಜ್ಞರನ್ನು ಕೇಳಿಯೇ ಶುರುಮಾಡಲಿ. ರೋಗನಿರೋಧಕ ಶಕ್ತಿ ತಗ್ಗಿಸುವ ಅಜಾಥಯೊಪ್ರಿನ್ ನುಂಗುವವರಿಗೆ ಅಲೋಪ್ಯುರಿನಾಲ್, ಫೆಬುಕ್ಸೊಸ್ಟಾಟ್ ಎರಡೂ ಅಪಾಯ. ಪ್ರೊಬೆನೆಸಿಡ್ ಮೂತ್ರದಲ್ಲಿ ಯೂರಿಕ್ ಆಸಿಡ್ ಹೊರಗೆ ಹಾಕುತ್ತದೆ: 250 ಮಿಲಿಗ್ರಾಂ ದಿನಕ್ಕೆರಡು ಸಲದಿಂದ ಆರಂಭ. ಕಿಡ್ನಿ ಚೆನ್ನಾಗಿರಬೇಕು, ಕಲ್ಲಿನ ಇತಿಹಾಸ ಇರಬಾರದು, ನೀರು ಎರಡು ಲೀಟರಿಗೂ ಮೇಲೆ ಕುಡಿಯಬೇಕು. ಯೂರಿಕ್ ಆಸಿಡನ್ನೇ ಒಡೆಯುವ ಪೆಗ್ಲೊಟಿಕೇಸ್ ಎರಡು ವಾರಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವಂಥದ್ದು, ಅದಕ್ಕೆ ಮೊದಲು ಕೆಂಪು ರಕ್ತಕಣದ ಜಿ6ಪಿಡಿ ಕಿಣ್ವದ ಕೊರತೆ ಇದೆಯೇ ಎಂಬ ಪರೀಕ್ಷೆ ಕಡ್ಡಾಯ.

ಬಿಪಿ ಮಾತ್ರೆಯ ಹಾಳೆಯನ್ನೊಮ್ಮೆ ತಿರುಗಿಸಿ ನೋಡಿ. ಹೈಡ್ರೋಕ್ಲೋರೊಥಯಜೈಡ್ ಇದ್ದರೆ ಅದೇ ಯೂರಿಕ್ ಆಸಿಡ್ ಏರಿಸುತ್ತಿರಬಹುದು. ಬದಲಿಗೆ ಲೊಸಾರ್ಟಾನ್ ಆದೀತೇ ಎಂದು ವೈದ್ಯರನ್ನು ಕೇಳಿ, ಅದು ಸ್ವಲ್ಪ ಇಳಿಸುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಡಪಾಗ್ಲಿಫ್ಲೊಜಿನ್, ಎಂಪಾಗ್ಲಿಫ್ಲೊಜಿನ್ ಕೂಡ ಇಳಿಸುತ್ತವೆ. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ ಮಾತ್ರ ನೀವಾಗಿ ನಿಲ್ಲಿಸಬೇಡಿ.

ಪಥ್ಯದಿಂದ ಇಳಿಯುವುದು ಹೆಚ್ಚೆಂದರೆ ಒಂದು ಅಂಕ. ಬೇಳೆ, ಅಣಬೆ, ಸೊಪ್ಪು ಬಿಡಬೇಕಿಲ್ಲ. ಒಣಮೀನು, ಏಡಿ ಸಾರು, ಬಿಯರ್ ಕಡಿಮೆ ಮಾಡಿ. ಜೋನಿ ಬೆಲ್ಲವೂ ಲೆಕ್ಕಕ್ಕಿದೆ, ಅದರ ಫ್ರಕ್ಟೋಸ್ ಒಡೆಯುವಾಗ ಯೂರಿಕ್ ಆಸಿಡ್ ಹುಟ್ಟುತ್ತದೆ. ಹಿತ್ತಲ ಬಿಂಬುಳಿಯ ರಸವನ್ನು ಲೋಟಗಟ್ಟಲೆ ಕುಡಿದು ಕಿಡ್ನಿ ಕೆಟ್ಟ ಪ್ರಕರಣಗಳು ಕೇರಳದಲ್ಲಿ ದಾಖಲಾಗಿವೆ, ಅದರ ಆಕ್ಸಲೇಟ್ ಕಾರಣ. ಕಿಡ್ನಿ ಕುಗ್ಗಿದವರು ದಾರೆಹುಳಿಯನ್ನು ಹಣ್ಣಾಗಿಯಾಗಲಿ, ರಸವಾಗಿಯಾಗಲಿ ತಿನ್ನಲೇಬಾರದು. ತಿಂದ ಮೇಲೆ ಬಿಡದೆ ಬಿಕ್ಕಳಿಕೆ, ಮಂಪರು ಕಂಡರೆ ಕಾಯದೆ ಡಯಾಲಿಸಿಸ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ.